ಪೆಟ್ಟಿಗೆಯೇ ಇಲ್ಲದ ಪಂಡೋರಾ: ಒಂದು ಮರದ ಮಾದರಿ ಕಿಟ್‌ನ ವಿಮರ್ಶೆ

ಬ್ರಿಟಿಷ್ ನೌಕಾಪಡೆಯ ಹಾಯಿಹಡಗು ಪಂಡೋರಾದ 1:64 ಪ್ರಮಾಣದ ಮರದ ಮಾದರಿಯನ್ನು, ಬಹುತೇಕ ಭಾನುವಾರಗಳಲ್ಲಿ ಕುಳಿತು, ಐದು ತಿಂಗಳಲ್ಲಿ ಜೋಡಿಸಿ ಮುಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮರದ ಕೆಲಸದ ಬಗ್ಗೆ ದೂರಿಲ್ಲ. ಪಕ್ಕೆಲುಬುಗಳು ಸಡಿಲವಿಲ್ಲದೆ ಕೂರುತ್ತವೆ. ಹಲಗೆಪಟ್ಟಿಗಳು ಬಿಸಿನೀರಿನಲ್ಲಿ ನೆನೆಸಿದರೆ ಸೀಳದೆ ಬಾಗುತ್ತವೆ. ಹಗ್ಗಕ್ಕೆಂದು ಕೊಟ್ಟ ನೂಲಿಗೆ ಮಾತ್ರ ಮೇಣ ಸವರಿಕೊಳ್ಳದೆ ಗತ್ಯಂತರವಿಲ್ಲ.

ನನ್ನ ಆಕ್ಷೇಪವಿರುವುದು ಜೊತೆಗೆ ಬರುವ ಇತಿಹಾಸದ ಕಿರುಹೊತ್ತಗೆಯ ಬಗ್ಗೆ. 1779ರಲ್ಲಿ ಡೆಪ್ಟ್‌ಫರ್ಡ್‌ನಲ್ಲಿ ನೀರಿಗಿಳಿದ 24 ಫಿರಂಗಿಗಳ ಈ ಹಡಗು ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ದುಡಿದದ್ದು, 1783ರ ನಂತರ ಏಳು ವರ್ಷ ಕೆಲಸವಿಲ್ಲದೆ ನಿಂತದ್ದು, 1790ರ ನವೆಂಬರ್‌ನಲ್ಲಿ ತಮ್ಮ ಕ್ಯಾಪ್ಟನ್ನನ ವಿರುದ್ಧ ದಂಗೆಯೆದ್ದು ಬೌಂಟಿ ಎಂಬ ಬ್ರಿಟಿಷ್ ಹಡಗನ್ನು ವಶಪಡಿಸಿಕೊಂಡಿದ್ದ ಬಂಡುಕೋರರನ್ನು ಹಿಡಿದು ತರಲು ಹೊರಟದ್ದು, ಇಷ್ಟನ್ನು ಹೇಳಿ 1791ರಲ್ಲಿ ಮುಳುಗಿತೆಂದು ಮುಗಿಸಿಬಿಡುತ್ತದೆ. ಮೊದಲ ಹನ್ನೊಂದು ವರ್ಷಗಳಿಗೆ ಅಷ್ಟು ಸಾಕು. ಕೊನೆಯ ಹತ್ತು ತಿಂಗಳಿಗೆ ಸಾಲದು.

1791ರ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದ ಟಹೀಟಿ ದ್ವೀಪ ತಲುಪಿದ ಪಂಡೋರಾದ ಕ್ಯಾಪ್ಟನ್ ಎಡ್ವರ್ಡ್ ಎಡ್ವರ್ಡ್ಸ್, ಅಲ್ಲಿ ಸಿಕ್ಕ 14 ಮಂದಿಯನ್ನೂ, ತಾವಾಗಿಯೇ ಬಂದವರು, ದಂಗೆಯಲ್ಲಿ ಕೈಹಾಕದವರು ಎಂಬ ಭೇದವೆಣಿಸದೆ, ಕೋಳ ತೊಡಿಸಿ ಹಿಂಬದಿಯ ಡೆಕ್ಕಿನ ಮೇಲೆ ಹೊಸದಾಗಿ ಕಟ್ಟಿಸಿದ ಮರದ ಸೆರೆಕೋಣೆಗೆ ತಳ್ಳಿದ. ಅದರ ಉದ್ದ 11 ಅಡಿ, ಅಗಲ 18 ಅಡಿ. ಒಳಹೋಗಲು ಮಾಡಿನಲ್ಲಿ ಎರಡಡಿಗಿಂತ ಕಿರಿದಾದ ಒಂದೇ ಕಿಂಡಿ. ಲೋಕದ ಕೇಡುಗಳನ್ನೆಲ್ಲ ಅಡಗಿಸಿಟ್ಟಿದ್ದ ಗ್ರೀಕ್ ಪುರಾಣದ ಪೆಟ್ಟಿಗೆಯಂತೆ, ಪಂಡೋರಾದ ಪೆಟ್ಟಿಗೆ ಎಂದೇ ಅದಕ್ಕೆ ಹೆಸರಾಯಿತು. ದಂಗೆಯ ಮುಖಂಡ ಫ್ಲೆಚರ್ ಕ್ರಿಶ್ಚಿಯನ್ ಪಿಟ್‌ಕೇರ್ನ್ ದ್ವೀಪ ಸೇರಿದ್ದರಿಂದ ಎಷ್ಟು ಹುಡುಕಿದರೂ ಸಿಗಲಿಲ್ಲ. ಮರಳುವ ಹಾದಿಯಲ್ಲಿ, ಆಗಸ್ಟ್ 28ರ ಸಂಜೆ, ಹಡಗು ಆಸ್ಟ್ರೇಲಿಯಾದ ಬಳಿಯ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಬಡಿದು ಮರುದಿನ ಬೆಳಗ್ಗೆ ಮುಳುಗಿತು. ಕೋಳ ಮುರಿದುಕೊಂಡಿದ್ದ ಕೈದಿಗಳಿಗೆ ಅಂಥ ಹೊತ್ತಿನಲ್ಲೂ ಮತ್ತೆ ಕೋಳ ಬಿಗಿಯಲಾಗಿತ್ತು. ಕೊನೆಯ ಗಳಿಗೆಯಲ್ಲಿ ವಿಲಿಯಂ ಮೌಲ್ಟರ್ ಎಂಬ ನಾವಿಕ ಕಿಂಡಿಯ ಅಗಳಿ ತೆಗೆದದ್ದರಿಂದ ಹಲವರು ಬದುಕಿದರು. 31 ನಾವಿಕರೂ ನಾಲ್ವರು ಕೈದಿಗಳೂ ಸತ್ತರು. ಇಂಗ್ಲೆಂಡಿನಲ್ಲಿ ವಿಚಾರಣೆಗೊಳಗಾದ ಹತ್ತು ಮಂದಿಯಲ್ಲಿ ನಾಲ್ವರು ನಿರಪರಾಧಿಗಳೆಂದು ಬಿಡುಗಡೆಯಾದರು, ಮೂವರು ಗಲ್ಲಿಗೇರಿದರು.

ಇದೊಂದನ್ನೂ ಹೇಳದಿರುವುದು ಹೊತ್ತಗೆಯ ಕೊರತೆಯಾದರೆ, ಡೆಕ್ಕಿನ ಮೇಲೆ ಆ ಪೆಟ್ಟಿಗೆಯನ್ನೇ ಇಡದಿರುವುದು ಮಾದರಿಯ ಕೊರತೆ. 1779ರ ರೂಪವನ್ನು ತೋರಿಸುವ ಉದ್ದೇಶವೆಂದರೆ ಒಪ್ಪಬಹುದಿತ್ತು. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು 1791 ಎಂಬ ಇಸವಿ. ಅವಶೇಷ 1977ರಲ್ಲೇ ಪತ್ತೆಯಾಗಿ, ಕ್ವೀನ್ಸ್‌ಲ್ಯಾಂಡ್ ವಸ್ತುಸಂಗ್ರಹಾಲಯ ವರ್ಷಗಟ್ಟಲೆ ಉತ್ಖನನ ನಡೆಸಿರುವಾಗ ಮಾಹಿತಿ ಸಿಗಲಿಲ್ಲವೆನ್ನುವಂತಿಲ್ಲ.

ಮೊದಲ ಬಾರಿಗೆ ಹಡಗು ಕಟ್ಟುವವರಿಗೆ ಈ ಕಿಟ್ ಬೇಡ. ಕೈ ಪಳಗಿದವರು ಧಾರಾಳವಾಗಿ ಕೊಳ್ಳಬಹುದು. ಪೆಟ್ಟಿಗೆಯನ್ನು ನಾನೇ 5.2 ಸೆಂ.ಮೀ. ಉದ್ದ, 8.6 ಸೆಂ.ಮೀ. ಅಗಲಕ್ಕೆ ಮಾಡಿ ಕೂರಿಸಿದೆ. ಅದಕ್ಕೆ ಬೇಕಾದ ಹಲಗೆಯೆಲ್ಲ ಕಿಟ್‌ನಲ್ಲಿ ಉಳಿದ ಚೂರುಗಳಲ್ಲೇ ಸಿಕ್ಕಿತು.