ವಿನ್ಯಾಸ ತಾಣದಲ್ಲಿ ನಮ್ಮದೇ ಕನ್ನಡ ಫಾಂಟು: ಮೂರು ವರ್ಷಗಳ ಬಳಕೆಯ ಅನುಭವ

ಮುಂಬಯಿ ಸಮೀಪದ ಡೊಂಬಿವಲಿಯಲ್ಲಿ ನಾವು ಕೆಲವು ಕುಟುಂಬಗಳು ಸೇರಿ ನಡೆಸುವ ಕನ್ನಡ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ, ಬ್ಯಾನರು ಮತ್ತು ವಾಟ್ಸ್ಯಾಪ್ ಪ್ರಕಟಣೆಗಳನ್ನು ಸಿದ್ಧಪಡಿಸುವ ಕೆಲಸ ಮೂರು ವರ್ಷಗಳಿಂದ ನನ್ನ ಪಾಲಿಗಿದೆ. ಇದಕ್ಕಾಗಿ ಬ್ರೌಸರಿನಲ್ಲೇ ತೆರೆದುಕೊಳ್ಳುವ ವಿನ್ಯಾಸ ತಾಣವೊಂದಕ್ಕೆ ವಾರ್ಷಿಕ ಚಂದಾ ಕಟ್ಟುತ್ತಿದ್ದೇನೆ. ಕಟ್ಟಲು ಕಾರಣ ಒಂದೇ ಸೌಲಭ್ಯ: ನಮ್ಮ ಬಳಿಯಿರುವ ಫಾಂಟನ್ನು ಅಲ್ಲಿಗೆ ಸೇರಿಸಿಕೊಂಡು ಬಳಸಬಹುದು. ತಾಣದಲ್ಲಿ ಮೊದಲೇ ಇದ್ದ ಕನ್ನಡ ಫಾಂಟುಗಳು ಬೆರಳೆಣಿಕೆಯಷ್ಟು. ಮದುವೆಯ ಕರೆಯೋಲೆಗೂ ಶ್ರದ್ಧಾಂಜಲಿಗೂ ಒಂದೇ ಅಕ್ಷರರೂಪವನ್ನು ಬಳಸಲು ನನಗೆ ಮನಸ್ಸಾಗಲಿಲ್ಲ.

ಸೇರಿಸುವ ಕ್ರಮ ಸುಲಭವಾಗಿದೆ. ಫಾಂಟಿನ ಟಿಟಿಎಫ್ ಅಥವಾ ಒಟಿಎಫ್ ಕಡತವನ್ನು ಆರಿಸಿ, ಅದನ್ನು ಬಳಸುವ ಹಕ್ಕು ನಮಗಿದೆಯೆಂದು ಒಪ್ಪಿಗೆ ಕೊಟ್ಟರೆ ಅರೆ ನಿಮಿಷದಲ್ಲಿ ಫಾಂಟು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಷ್ಟಗಳೆಲ್ಲ ಇದಾದ ಮೇಲೆ ಬಂದವು.

ಮೊದಲು ಸೇರಿಸಿದ್ದು, ಹಳೆಯ ಕಂಪ್ಯೂಟರಿನಲ್ಲಿ ಉಳಿದುಕೊಂಡಿದ್ದ, ನನಗೆ ಬಹಳ ಇಷ್ಟವಾದ ಆಸ್ಕಿ ಕಾಲದ ಫಾಂಟನ್ನು. ಕಡತವನ್ನು ತಾಣ ತಕರಾರಿಲ್ಲದೆ ಸ್ವೀಕರಿಸಿತು. ಆದರೆ ಕನ್ನಡದಲ್ಲಿ ಟೈಪು ಮಾಡಿದ ಸಾಲಿಗೆ ಅದನ್ನು ಹಚ್ಚಿದಾಗ ಅಕ್ಷರಗಳ ರೂಪ ಕಿಂಚಿತ್ತೂ ಬದಲಾಗಲಿಲ್ಲ. ಕಾರಣ ತಿಳಿಯಲು ಒಂದು ಸಂಜೆಯೇ ಬೇಕಾಯಿತು. ನಾವೀಗ ಟೈಪು ಮಾಡುವ ಪಠ್ಯ ಯೂನಿಕೋಡಿನದು, ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಗಳಿಗೆ ತಮ್ಮದೇ ಸಂಕೇತಸ್ಥಾನ ಕೊಡುವ ವ್ಯವಸ್ಥೆಯದು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವಿದೆ. ಆಸ್ಕಿ ಫಾಂಟುಗಳಾದರೋ ಕನ್ನಡ ಅಕ್ಷರಗಳ ತುಣುಕುಗಳನ್ನು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಇರಿಸಿಕೊಂಡಿರುತ್ತವೆ. ಹೀಗಾಗಿ ಯೂನಿಕೋಡ್ ಪಠ್ಯಕ್ಕೆ ಬೇಕಾದ ಅಕ್ಷರ ಆ ಫಾಂಟಿನಲ್ಲಿ ಸಿಗದೆ, ತಾಣವು ತನ್ನದೇ ಬದಲಿ ಫಾಂಟನ್ನು ತೋರಿಸುತ್ತದೆ. ಈ ಸಂಗತಿಯನ್ನು ತಿಳಿಸುವ ಒಂದು ಸಾಲಿನ ಎಚ್ಚರಿಕೆಯೂ ಅಲ್ಲಿಲ್ಲ ಎಂಬುದು ನನ್ನ ಮೊದಲ ದೂರು.

ಮುಂಬಯಿಯಲ್ಲಿ ನಮ್ಮ ಪತ್ರಿಕೆಗಳು ಬಹುಮಟ್ಟಿಗೆ ತ್ರಿಭಾಷಿಕ. ಅತಿಥಿಗಳಲ್ಲಿ ಮರಾಠಿ ಓದುವವರೇ ಹೆಚ್ಚಿರುವಾಗ ಸಭಾಂಗಣದ ವಿಳಾಸವನ್ನು ದೇವನಾಗರಿಯಲ್ಲೂ ಹಾಕಬೇಕಾಗುತ್ತದೆ. ಕನ್ನಡಕ್ಕೊಂದು, ಮರಾಠಿಗೊಂದು, ಇಂಗ್ಲಿಷಿಗೊಂದು ಫಾಂಟು ಆರಿಸಿದಾಗ ಮೂರೂ ಬೇರೆ ಬೇರೆ ಮನೆಯಿಂದ ಬಂದಂತೆ ಕಾಣುತ್ತಿದ್ದವು. ಒಂದರ ಗೆರೆ ದಪ್ಪ, ಇನ್ನೊಂದರದು ತೆಳು. ಒಂದೇ ಅಳತೆ ಕೊಟ್ಟರೂ ಒಂದು ಹಿರಿದು, ಒಂದು ಕಿರಿದು. ಇದಕ್ಕೆ ಪರಿಹಾರ ನಮ್ಮ ಊರಿನಲ್ಲೇ ಸಿಕ್ಕಿತು. ಮುಂಬಯಿಯ ಏಕ್ ಟೈಪ್ ವಿನ್ಯಾಸಕರ ತಂಡ ರೂಪಿಸಿದ ಅನೇಕ್ ಎಂಬ ಫಾಂಟು ಬಳಗದಲ್ಲಿ ಕನ್ನಡ, ದೇವನಾಗರಿ, ಲ್ಯಾಟಿನ್ ಸೇರಿದಂತೆ ಹಲವು ಲಿಪಿಗಳನ್ನು ಒಂದರ ಜೊತೆ ಒಂದು ಹೊಂದುವಂತೆ ಬರೆಯಲಾಗಿದೆ. ಅದೇ ತಂಡದ ಬಲೂ ತಮ್ಮ ಎಂಬ ದುಂಡನೆಯ ಫಾಂಟು ಮಕ್ಕಳ ಕಾರ್ಯಕ್ರಮದ ಶೀರ್ಷಿಕೆಗಳಿಗೆ ಬಹಳ ಒಪ್ಪುತ್ತದೆ. ಎರಡನ್ನೂ ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಕನ್ನಡದ ಅಕ್ಷರಕ್ಕೆ ದೇವನಾಗರಿಯಷ್ಟೇ ಶ್ರದ್ಧೆ ಸಂದಿರುವುದನ್ನು ಅನೇಕ್ ಬಳಸಿದ ಪತ್ರಿಕೆಯಲ್ಲಿ ಕಂಡಾಗ ನನಗಾದ ಸಂತೋಷ ಸಣ್ಣದಲ್ಲ.

ಇಲ್ಲಿಯೂ ಒಂದು ತೊಡಕಿತ್ತು. ಅನೇಕ್ ಫಾಂಟಿನ ಮುಖ್ಯ ಕಡತ, ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ವೇರಿಯಬಲ್ ಮಾದರಿಯದು. ಅದನ್ನೇ ಸೇರಿಸಿದಾಗ ತಾಣದಲ್ಲಿ ಒಂದೇ ದಪ್ಪ ದೊರೆಯಿತು. ಇಳಿಸಿಕೊಂಡ ಕಂತೆಯೊಳಗೆ ‘ಸ್ಟ್ಯಾಟಿಕ್’ ಎಂಬ ಫೋಲ್ಡರಿನಲ್ಲಿರುವ ಬಿಡಿ ಕಡತಗಳನ್ನು, ಸಾಧಾರಣ, ಮಧ್ಯಮ, ದಪ್ಪ ಎಂದು ಬೇಕಾದಷ್ಟನ್ನು ಮಾತ್ರ ಸೇರಿಸಿದ ಮೇಲೆ ಎಲ್ಲವೂ ಸರಿಹೋಯಿತು.

ಹೊಸ ಫಾಂಟು ಸೇರಿಸಿದ ಕೂಡಲೇ ‘ಸ್ವಾತಂತ್ರ್ಯ, ರಾಷ್ಟ್ರೀಯ, ಸೂರ್ಯ, ರ‍್ಯಾಂಕ್’ ಎಂಬ ಸಾಲನ್ನು ಬರೆದು ನೋಡುವುದು ಈಗ ನನ್ನ ರೂಢಿ. ಮೊದಲೆರಡರಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಸರಿಯಾಗಿ ಕೂರಬೇಕು. ಕೊನೆಯೆರಡರಲ್ಲಿ ರಕಾರ ಎರಡು ಬಗೆಯಲ್ಲಿ ಮೂಡಬೇಕು: ಸೂರ್ಯದಲ್ಲಿ ಅರ್ಕಾವತ್ತಾಗಿ, ರ‍್ಯಾಂಕಿನಲ್ಲಿ ಪೂರ್ಣ ರಕಾರವಾಗಿ. ಈ ಭೇದವನ್ನು ಉಳಿಸುವುದು ರಕಾರದ ನಂತರ ಬರುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಒಂದು ಜೋಡಕ. ಬೇರೆಡೆಯಿಂದ ನಕಲು ಮಾಡಿ ತಂದ ಪಠ್ಯದಲ್ಲಿ ಅದು ಕಳೆದುಹೋಗಿ, ಎಸ್ಸೆಸ್ಸೆಲ್ಸಿ ಮಕ್ಕಳ ಸನ್ಮಾನದ ಬ್ಯಾನರಿನಲ್ಲಿ ‘ರ್ಯಾಂಕ್’ ಎಂದೇ ಅಚ್ಚಾಯಿತು. ಅಂದಿನಿಂದ ಆ ಪದವನ್ನು ನಾನು ತಾಣದೊಳಗೇ ಟೈಪು ಮಾಡುತ್ತೇನೆ.

ಸಾಲುಗಳ ಅಂತರದ ವಿಷಯದಲ್ಲಿಯೂ ಎಚ್ಚರ ಬೇಕು. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವಿನ ಅಂತರವನ್ನಂತೂ ಕನ್ನಡದಲ್ಲಿ ಮುಟ್ಟದಿರುವುದೇ ಒಳಿತು. ಸ್ವಲ್ಪ ಹೆಚ್ಚಿಸಿದರೂ ಈ ತಾಣದಲ್ಲಿ ದೀರ್ಘದ ಚಿಹ್ನೆ ತನ್ನ ಅಕ್ಷರವನ್ನು ಬಿಟ್ಟು ದೂರ ನಿಲ್ಲುತ್ತದೆ.

ಮುದ್ರಣಕ್ಕೆ ಪಿಡಿಎಫ್ ಕಳುಹಿಸಿದಾಗ ದಾದರಿನ ಪ್ರೆಸ್ಸಿನಲ್ಲಿ ಅದನ್ನು ತಿದ್ದಲೆಂದು ಬೇರೆ ತಂತ್ರಾಂಶದಲ್ಲಿ ತೆರೆದರು, ಒತ್ತಕ್ಷರಗಳು ಚದುರಿಹೋದವು. ಈಗ ಅಕ್ಷರಗಳನ್ನು ಚಿತ್ರವಾಗಿ ಅಂಟಿಸಿಬಿಡುವ ಆಯ್ಕೆಯನ್ನು ಗುರುತು ಹಾಕಿಯೇ ಕಳುಹಿಸುತ್ತೇನೆ.

ಮುಂದಿನ ವರ್ಷವೂ ಚಂದಾ ಕಟ್ಟುವವನಿದ್ದೇನೆ. ಆದರೂ ಒಂದು ಕೊರತೆ ಹಾಗೆಯೇ ಉಳಿದಿದೆ. ನಾವು ಸೇರಿಸಿದ ಫಾಂಟು ನಮ್ಮ ಖಾತೆಗಷ್ಟೇ ಸೀಮಿತ. ಪುಣೆಯಲ್ಲಿರುವ ಗೆಳೆಯರೊಬ್ಬರು ಅದೇ ವಿನ್ಯಾಸವನ್ನು ತಮ್ಮ ಖಾತೆಯಲ್ಲಿ ತೆರೆದರೆ ಶೀರ್ಷಿಕೆಗಳೆಲ್ಲ ಬೇರೆ ಫಾಂಟಿಗೆ ಬದಲಾಗುತ್ತವೆ. ಅನೇಕ್, ಬಲೂ ತಮ್ಮ ಎರಡೂ ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ಆ ಕಡತಗಳನ್ನು ಅವರಿಗೆ ಮೊದಲೇ ಕಳುಹಿಸಿಕೊಡುತ್ತೇನೆ. ಹಣ ಕೊಟ್ಟು ಕೊಂಡ ಫಾಂಟನ್ನು ಹಾಗೆ ಹಂಚುವ ಹಕ್ಕು ನನಗಿಲ್ಲವಾದ್ದರಿಂದ, ಅದರಲ್ಲಿ ಮಾಡಿದ ಪತ್ರಿಕೆಗಳ ತಿದ್ದುಪಡಿಗಳನ್ನು ಅವರು ಫೋನಿನಲ್ಲಿ ಹೇಳುತ್ತಾರೆ, ನಾನೇ ತಿದ್ದುತ್ತೇನೆ.