ಒಂದೇ ಬಾಯಿ, ಎರಡು ವೆನೀರ್: ಕಾಂಪೋಸಿಟ್ ಮತ್ತು ಪೋರ್ಸಲೇನ್

ನನ್ನ ಮೇಲಿನ ಸಾಲಿನ ನಡುವಿನ ಎರಡು ಹಲ್ಲಿಗೂ ವೆನೀರ್ ಇದೆ, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ. ಎಡಗಡೆಯದು ಕಾಂಪೋಸಿಟ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್‌ನಂಥ ಪದಾರ್ಥ), ಬಲಗಡೆಯದು ಪೋರ್ಸಲೇನ್ (ಪಿಂಗಾಣಿ). ಬೇಕಂತಲೇ ಹೀಗೆ ಮಾಡಿಸಿಕೊಂಡದ್ದಲ್ಲ. 2013ರಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ರೈಲು ಹತ್ತುವಾಗ ನೂಕಾಟದಲ್ಲಿ ಬಾಗಿಲ ಕಂಬಕ್ಕೆ ಬಾಯಿ ಬಡಿದು ಎಡ ಹಲ್ಲಿನ ತುದಿ ಹಾರಿಹೋಯಿತು. ಆಗ ಕೈಯಲ್ಲಿದ್ದ ದುಡ್ಡಿಗೆ ಕಾಂಪೋಸಿಟ್ ಆಯಿತು. ಪಕ್ಕದ ಬಲ ಹಲ್ಲಿನ ಮೇಲೆ ಮೊದಲಿಂದಲೂ ಕಂದು ಕಲೆ ಇತ್ತು. ಮಗುವಾಗಿದ್ದಾಗ ಬಿದ್ದು ಹಾಲುಹಲ್ಲಿಗೆ ಆದ ಪೆಟ್ಟು ಒಳಗೆ ಬೆಳೆಯುತ್ತಿದ್ದ ಹಲ್ಲಿಗೂ ತಾಗಿದರೆ ಹೀಗೆ ಕಲೆ ಉಳಿಯುತ್ತದಂತೆ. ಅದಕ್ಕೆ 2016ರಲ್ಲಿ ಪೋರ್ಸಲೇನ್ ಹಾಕಿಸಿದೆ. ಅಂದಿನಿಂದ ಎರಡೂ ಅದೇ ಚಹಾ, ಅದೇ ಅರಿಶಿನದ ಪಲ್ಯ, ಅದೇ ಬ್ರಶ್ ಕಂಡಿವೆ. ಯಾವುದು ಹೇಗೆ ಬಾಳುತ್ತೆ ಅಂತ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೇನೆ.

ಕಾಂಪೋಸಿಟ್ ಒಂದೇ ಸಲಕ್ಕೆ ಮುಗಿಯಿತು, ಒಂದೂಕಾಲು ಗಂಟೆ. ಇಂಜೆಕ್ಷನ್ ಬೇಕಾಗಲಿಲ್ಲ. ಹಲ್ಲಿಗೆ ಆಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಸವರಿ, ಮೇಣದಂಥ ಪದಾರ್ಥವನ್ನು ಪದರ ಪದರವಾಗಿ ಮೆತ್ತಿ, ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಆಸಿಡ್ ಹಚ್ಚಿ ಹಲ್ಲಿನ ಮೇಲ್ಮೈ ತರಿ ಮಾಡಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ ಅಂತ 1955ರಲ್ಲಿ ಬ್ಯುನೊಕೋರ್ ಎಂಬ ದಂತವೈದ್ಯರು ತೋರಿಸಿಕೊಟ್ಟರು. ಇವತ್ತಿನ ವೆನೀರ್‌ಗಳು ನಿಂತಿರುವುದು ಅದರ ಮೇಲೆಯೇ.

ಪೋರ್ಸಲೇನ್‌ಗೆ ಮೂರು ಸಲ ಓಡಾಡಿದೆ. ಮೊದಲ ದಿನ ಡಾಕ್ಟರು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಕಿಟಕಿ ಹತ್ತಿರ ನಿಲ್ಲಿಸಿದರು. ಬಣ್ಣದ ಮಾದರಿ ಹಲ್ಲುಗಳ ಪಟ್ಟಿಯನ್ನು ತುಟಿಯ ಪಕ್ಕ ಹಿಡಿದು ಒಂದೊಂದೇ ಹೋಲಿಸಿದರು. ಉಳಿದ ಕೆಲಸವೆಲ್ಲ ಆಮೇಲೆ. ಬಾಯಿ ತೆರೆದುಕೊಂಡೇ ಇದ್ದರೆ ಹಲ್ಲು ಒಣಗಿ ಜಾಸ್ತಿ ಬೆಳ್ಳಗೆ ಕಾಣುತ್ತದೆ, ಆಗ ಬಣ್ಣ ಆರಿಸಿದರೆ ತಪ್ಪುತ್ತದೆ ಎಂದರು. ಅದಕ್ಕೂ ಮುಂಚೆ ನನ್ನ ಹಳೇ ಕಾಂಪೋಸಿಟ್‌ಗೆ ಪಾಲಿಶ್ ಹಾಕಿದ್ದರು, ಹೊಸದು ಅದಕ್ಕೂ ಹೊಂದಬೇಕಲ್ವಾ. ನಂತರ ಇಂಜೆಕ್ಷನ್, ಆಮೇಲೆ ಹಲ್ಲಿನ ಮುಂಭಾಗವನ್ನು ಸುಮಾರು ಅರ್ಧ ಮಿಲಿಮೀಟರ್ ಉಜ್ಜಿ ತೆಗೆದದ್ದು. ಕೇಳಲು ಅರ್ಧ ಮಿಲಿಮೀಟರ್ ಅಷ್ಟೇ. ಆದರೆ ಎನಾಮೆಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲು ಇನ್ನು ಜೀವನಪೂರ್ತಿ ಏನಾದರೊಂದು ಹೊದಿಕೆ ಹೊತ್ತೇ ಇರಬೇಕು. ಈ ಮಾತನ್ನು ನನ್ನ ಡಾಕ್ಟರು ಎರಡು ಸಲ ಹೇಳಿದರು, ಅದಕ್ಕೇ ಅವರ ಮೇಲೆ ನನಗೆ ಗೌರವ. ಅದಕ್ಕೆ ಮೊದಲು ಹೋದ ಇನ್ನೊಂದು ಕ್ಲಿನಿಕ್‌ನಲ್ಲಿ ಒಂದು ಕಲೆಗೆ ಎಂಟು ಹಲ್ಲು ಉಜ್ಜೋಣ, ನಗು ಚೆನ್ನಾಗಿ ಕಾಣುತ್ತೆ ಅಂದಿದ್ದರು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಆರೋಗ್ಯವಾಗಿರುವ ಏಳು ಹಲ್ಲನ್ನು ಸುಮ್ನೆ ಉಜ್ಜುವುದೇ?

ಬಾಳಿಕೆಯ ಲೆಕ್ಕ ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಕಾಂಪೋಸಿಟ್ ಐದರಿಂದ ಏಳು ವರ್ಷ, ಪೋರ್ಸಲೇನ್ ಹತ್ತರಿಂದ ಹದಿನೈದು. ನನ್ನ ಬಾಯಲ್ಲೂ ಹೆಚ್ಚುಕಡಿಮೆ ಹಾಗೇ ಆಯಿತು. ಕಾಂಪೋಸಿಟ್‌ನ ಅಂಚಿನಲ್ಲಿ ಎರಡನೇ ವರ್ಷಕ್ಕೇ ಹಳದಿ ಗೆರೆ ಮೂಡಿತು. ಆಫೀಸಿನಲ್ಲಿ ದಿನಕ್ಕೆ ನಾಲ್ಕು ಕಟಿಂಗ್ ಚಹಾ, ಮನೆಯಲ್ಲಿ ಅರಿಶಿನ, ಇನ್ನೇನಾಗುತ್ತದೆ. ಪಾಲಿಶ್ ಮಾಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ. 2017ರ ದೀಪಾವಳಿಯಲ್ಲಿ ಚಕ್ಕುಲಿ ಕಡಿದಾಗ ಮೂಲೆ ಚಿಪ್ಪು ಎದ್ದಿತು. ಅರ್ಧ ಗಂಟೆಯಲ್ಲಿ ಅಲ್ಲೇ ಮೆತ್ತಿ ಸರಿ ಮಾಡಿದರು. 2019ರಲ್ಲಿ ಪೂರ್ತಿ ತೆಗೆದು ಹೊಸದು ಹಾಕಿದರು. ಪೋರ್ಸಲೇನ್ ಮಾತ್ರ ಮೊದಲ ದಿನದ ಬಣ್ಣದಲ್ಲೇ ಇದೆ. ನಾಲಿಗೆ ಆಡಿಸಿದರೆ ಗಾಜಿನಷ್ಟು ನುಣುಪು. ಕಾಂಪೋಸಿಟ್ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಜಿಗುಟು ಅನಿಸುತ್ತದೆ.

ಹಾಗಂತ ಪೋರ್ಸಲೇನ್‌ನಲ್ಲಿ ಕೊರತೆ ಇಲ್ಲ ಎಂದಲ್ಲ. ಒಡೆದರೆ ಕಾಂಪೋಸಿಟ್‌ನಂತೆ ಸುಲಭವಾಗಿ ಮೆತ್ತಿ ಮುಗಿಸುವ ಹಾಗಿಲ್ಲ, ಹೆಚ್ಚಾಗಿ ಹೊಸದನ್ನೇ ಮಾಡಿಸಬೇಕು. ವಯಸ್ಸಾದ ಹಾಗೆ ಒಸಡು ಕೊಂಚ ಮೇಲೆ ಸರಿದು ನನ್ನದರ ಬುಡದಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತಿದೆ. ಪೋರ್ಸಲೇನ್ ಹೊದಿಕೆಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಕೆಳಗಿರುವ ಹಲ್ಲಿಗೆ ಹಿಡಿಯುತ್ತದೆ, ಅದು ಶುರುವಾಗುವುದು ಇಂಥ ಅಂಚಿನಲ್ಲೇ. ಅದಕ್ಕೇ ರಾತ್ರಿ ಫ್ಲಾಸ್ ದಾರ ಎಳೆಯುವುದನ್ನು ನಾನು ತಪ್ಪಿಸುವುದಿಲ್ಲ.

ದುಡ್ಡಿನ ವಿಷಯ. ಕಾಂಪೋಸಿಟ್‌ಗೆ ಮೊದಲು 4,500 ರೂಪಾಯಿ, ಮುರಿದಾಗ 1,200, ಹೊಸದಕ್ಕೆ 7,000. ವರ್ಷ ವರ್ಷದ ಪಾಲಿಶ್ ಬೇರೆ. ಪೋರ್ಸಲೇನ್‌ಗೆ ಒಂದೇ ಸಲ 14,000. ಕಾಂಪೋಸಿಟ್ ಅಗ್ಗ ಅನ್ನುವುದು ಮೊದಲ ದಿನದ ಮಟ್ಟಿಗೆ ಮಾತ್ರ ಸರಿ.

ಆರೈಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮೆತ್ತನೆ ಬ್ರಶ್, ತರಿ ಇಲ್ಲದ ಪೇಸ್ಟ್. ಇದ್ದಿಲು, ಸೋಡಾ, ಉಪ್ಪಿನ ಪುಡಿ ಬೇಡವೇ ಬೇಡ, ಹೊಳಪು ಹೋಗುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಕಾಂಪೋಸಿಟ್ ಅನ್ನು ಮೆತ್ತಗೆ ಮಾಡುತ್ತದೆ. ಉಳಿದ ಹಲ್ಲು ಬ್ಲೀಚ್ ಮಾಡಿಸುವ ಆಸೆ ಇದ್ದರೆ ವೆನೀರ್‌ಗೆ ಮೊದಲೇ ಮಾಡಿಸಿ, ವೆನೀರ್‌ನ ಬಣ್ಣ ಬ್ಲೀಚ್‌ಗೆ ಬದಲಾಗುವುದಿಲ್ಲ. ಹಲ್ಲು ಕ್ಲೀನ್ ಮಾಡಿಸುವಾಗ ವೆನೀರ್ ಇದೆ ಅಂತ ಬಾಯಿಬಿಟ್ಟು ಹೇಳಿ. ಆಫೀಸಿನ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ನಾನು ಹೇಳಲಿಲ್ಲ, ಅವರೂ ನೋಡಲಿಲ್ಲ. ಮಷೀನು ಕಾಂಪೋಸಿಟ್‌ನ ಅಂಚಿನ ಮೇಲೆ ಓಡಿ, ಸಂಜೆ ನಾಲಿಗೆಗೆ ಮರಳು ಸವರಿದ ಹಾಗೆ ತಾಗಿತು.

ನನಗೆ ಬಿಡಲು ಕಷ್ಟವಾದದ್ದು ಒಂದು ಅಭ್ಯಾಸ. ಮಲ್ಲಿಗೆ ದಂಡೆ ಕಟ್ಟಿ ಮುಗಿದ ಮೇಲೆ ನೂಲನ್ನು ಹಲ್ಲಿನಲ್ಲೇ ಕಡಿಯುತ್ತಿದ್ದೆ, ಅಮ್ಮ ಮಾಡುತ್ತಿದ್ದ ಹಾಗೆ. ಈಗ ಹೂವಿನ ಬುಟ್ಟಿಯಲ್ಲೇ ಒಂದು ಕತ್ತರಿ ಇಟ್ಟಿದ್ದೇನೆ. ಸಂಕ್ರಾಂತಿಯ ಕಬ್ಬನ್ನು ತುಂಡು ಮಾಡಿ ದವಡೆಗೆ ಕೊಡುತ್ತೇನೆ. 2020ರ ಲಾಕ್‌ಡೌನ್‌ನಲ್ಲಿ ನಾನು ನಿದ್ದೆಯಲ್ಲಿ ಹಲ್ಲು ಮಸೆಯುತ್ತೇನೆ ಅಂತ ನಮ್ಮವರು ಹೇಳಿದರು. ಆಮೇಲೆ ನೈಟ್ ಗಾರ್ಡ್ ಮಾಡಿಸಿದೆ, ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ. ಹಲ್ಲು ಮಸೆಯುವವರು ಅದಿಲ್ಲದೆ ಎಷ್ಟು ದುಬಾರಿ ವೆನೀರ್ ಹಾಕಿಸಿದರೂ ನಷ್ಟವೇ.

ಅಕ್ಕನ ಮಗಳಿಗೆ ಇಪ್ಪತ್ತೆರಡು. ಮುಂದಿನ ಹಲ್ಲಿನ ನಡುವೆ ಸಣ್ಣ ಸಂದು. ಪೋರ್ಸಲೇನ್ ಮಾಡಿಸಲಾ ಚಿಕ್ಕಮ್ಮ ಅಂತ ಕೇಳಿದಳು. ಬೇಡ ಅಂದೆ. ಹಲ್ಲು ಗಟ್ಟಿಯಾಗಿದೆ, ಎನಾಮೆಲ್ ಪೂರ್ತಿ ಇದೆ, ಈ ವಯಸ್ಸಿನಲ್ಲಿ ಉಜ್ಜಿಸಿಕೊಂಡರೆ ಮುಂದೆ ಮೂರೋ ನಾಲ್ಕೋ ಸಲ ಬದಲಿಸಬೇಕಾಗುತ್ತದೆ. ಕಾಂಪೋಸಿಟ್ ಆದರೆ ಹಲ್ಲನ್ನು ಉಜ್ಜದೆ ಸಂದು ತುಂಬಬಹುದು. ಆಳದ ಕಲೆ ಇದ್ದು, ನಲವತ್ತು ದಾಟಿದವರು ಕೇಳಿದ್ದರೆ ಪೋರ್ಸಲೇನ್ ಅನ್ನುತ್ತಿದ್ದೆ. ಅನುಮಾನ ಇದ್ದರೆ ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್ ಕಾಲೇಜಿಗೆ ಹೋಗಿ ಇನ್ನೊಂದು ಸಲ ಕೇಳಿಕೊಂಡು ಬಾ ಎಂದೆ. ಹೋಗಿ ಬಂದಳು, ಕಳೆದ ತಿಂಗಳು ಕಾಂಪೋಸಿಟ್ ಹಾಕಿಸಿದಳು. ಅವತ್ತು ರಾತ್ರಿ ಫೋನ್.

"ಚಿಕ್ಕಮ್ಮ, ಚಹಾ ಯಾವಾಗ ಕುಡೀಬಹುದು?"

"ಎರಡು ದಿನ ತಡಿ ಪುಟ್ಟಿ, ಅಲ್ಲಿವರೆಗೆ ಹಾಲು ಕುಡಿ."