ಗೋಲ್ಡನ್ ಕ್ಯಾನ್ಯನ್–ಗೋವರ್ ಗಲ್ಚ್ ಸುತ್ತುದಾರಿ: ಚಳಿಗಾಲಕ್ಕೆ ಮಾತ್ರ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿರುವ, ಸುಮಾರು 7 ಕಿ.ಮೀ. ಉದ್ದದ ಈ ಸುತ್ತುದಾರಿಯ ಸೊಗಸೆಲ್ಲ ಮೊದಲರ್ಧದಲ್ಲೇ ಇದೆ. ಸಮುದ್ರಮಟ್ಟಕ್ಕಿಂತ ಕೆಳಗೆ ಆರಂಭವಾಗುವ ಕಾಲುದಾರಿಯು, 1976ರ ಪ್ರವಾಹದಲ್ಲಿ ಕೊಚ್ಚಿಹೋದ ಹಳೆಯ ರಸ್ತೆಯ ಜಾಡಿನಲ್ಲೇ ಸಾಗಿ, ಗೋಲ್ಡನ್ ಕ್ಯಾನ್ಯನ್ ಕಮರಿಯ ಹೊಂಬಣ್ಣದ ಗೋಡೆಗಳ ನಡುವೆ ಏರುತ್ತ, ಮ್ಯಾನ್ಲಿ ಬೀಕನ್ ಎಂಬ ಚೂಪು ಶಿಖರದ ಬುಡಕ್ಕೆ ನಮ್ಮನ್ನು ತಲುಪಿಸುತ್ತದೆ. ಅಲ್ಲಿ ಸುತ್ತ ಹರಡಿರುವ ಬೋಳುಗುಡ್ಡಗಳು ಒಂದು ಕಾಲದಲ್ಲಿ ಸರೋವರದ ತಳದ ಕೆಸರಾಗಿದ್ದವೆಂದು ನಂಬುವುದೇ ಕಷ್ಟ. ಮರಳುವಾಗ ಸಿಗುವ ಗೋವರ್ ಗಲ್ಚ್ ಎಂಬ ಒಣ ಕೊರಕಲಿನ ಜಲ್ಲಿಹಾಸು ಮಾತ್ರ, ಹಳೆಯ ಬೊರಾಕ್ಸ್ (ಬಿಳಿಗಾರ) ಗಣಿಗಾರಿಕೆಯ ಕುರುಹುಗಳನ್ನು ಬಿಟ್ಟರೆ, ನನಗೆ ನೀರಸವೆನಿಸಿತು. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ನೆರಳೂ ಅಪರೂಪ. ಆದ್ದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯೇ ಸೂಕ್ತ. ಬೇಸಿಗೆಯಲ್ಲಿ ಬೆಳಿಗ್ಗೆ 10ರ ನಂತರ ಇಲ್ಲಿ ನಡೆಯಬಾರದೆಂದು ಉದ್ಯಾನದ ಆಡಳಿತವೇ ಎಚ್ಚರಿಸುತ್ತದೆ.